ಹೊತ್ತಿಗೆ ಮುಂಚಿನವಳು

"ಒಂದನ್ನ ಎರಡು ಮಾಡ್ಬಹುದು. ಒಂಬತ್ತನ್ನ ಸೊನ್ನೆ ಮಾಡೋದು ಹೇಗೆ, ನೀನೇ ಹೇಳಕ್ಕ," ಎಂದು ಕಲ್ಲುಕುಟಿಗ ಪಂತೇಲಿ ಉಳಿಯನ್ನು ಹುಲ್ಲಿನ ಮೇಲಿಟ್ಟು ಕೈ ಒರೆಸಿಕೊಂಡ.

ವೇತಾ ಕಪ್ಪು ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಶಿಲುಬೆಯ ಕಲ್ಲನ್ನು ನೋಡಿದಳು. ಎಡಗಡೆ ಅವಳ ಅಪ್ಪ ಗ್ರಿಗೊರೆಯ ಹೆಸರು, ಬಲಗಡೆ ಅಮ್ಮ ದೋಮ್ನಿಕಾಳ ಹೆಸರು. ಅಪ್ಪ ಸತ್ತು ಹದಿನೆಂಟು ವರ್ಷವಾಗಿತ್ತು. ಹೇಗೂ ಕಲ್ಲುಕುಟಿಗ ಬಂದಿದ್ದಾನೆ, ಉಳಿಯೂ ಹರಿತವಾಗಿದೆ ಎಂದು ದೋಮ್ನಿಕಾ ಆಗಲೇ ತನ್ನ ಹೆಸರನ್ನೂ ಕೆತ್ತಿಸಿಬಿಟ್ಟಿದ್ದಳು. ಇದರಲ್ಲಿ ವಿಶೇಷವೇನೂ ಇಲ್ಲ. ಪ್ರುನೇಷ್ಟಿಯಲ್ಲಿ ಅರ್ಧ ಊರು ತನ್ನ ಶಿಲುಬೆಯನ್ನು ತಾನೇ ನಿಲ್ಲಿಸಿಕೊಂಡು, ಸತ್ತ ವರ್ಷದ ಜಾಗವನ್ನು ಖಾಲಿ ಬಿಟ್ಟು, ಆರಾಮವಾಗಿ ಪ್ಲಮ್ ಸಾರಾಯಿ ಕಾಯಿಸುತ್ತಾ ಕೂತಿರುತ್ತದೆ. ದೋಮ್ನಿಕಾ ಮಾತ್ರ ಆ ಜಾಗವನ್ನೂ ಖಾಲಿ ಬಿಡಲಿಲ್ಲ. ಎರಡು ಸಾವಿರ ಇಸವಿಯನ್ನು ನಾನೆಲ್ಲಿ ನೋಡುತ್ತೇನೆ, ಮೊದಲ ಎರಡು ಅಂಕೆ ಈಗಲೇ ಕೆತ್ತಿಬಿಡು, ಆಮೇಲೆ ನಿನಗೂ ಕೆಲಸ ಕಡಿಮೆ ಎಂದಿದ್ದಳು. ಪಂತೇಲಿ ಒಂದನ್ನೂ ಒಂಬತ್ತನ್ನೂ ಚೆನ್ನಾಗಿ ಆಳವಾಗಿ ಕೆತ್ತಿದ್ದ. ಅವಳು ಎರಡು ಸಾವಿರವನ್ನು ದಾಟಿ, ಮತ್ತೆ ಹತ್ತು ವರ್ಷ ಬೆನ್ನು ಬಗ್ಗಿಸದೆ ನಡೆದು, ಮೊನ್ನೆ ಬುಧವಾರ ಕೋಸಿನ ಎಲೆ ಬಿಡಿಸುತ್ತಾ ಕೂತಿದ್ದ ಕುರ್ಚಿಯಲ್ಲೇ ಕೊರಳು ವಾಲಿಸಿದ್ದಳು.

"ಸಿಮೆಂಟ್ ತುಂಬಿ ಸರಿ ಮಾಡು," ಎಂದಳು ವೇತಾ.

"ಈ ಥಂಡಿಗೆ ಮಧ್ಯಾಹ್ನದೊಳಗೆ ಒಣಗಲ್ಲ."

"ಒಣಗದಿದ್ರೆ ಹಸೀನೇ ಇರಲಿ. ಸುಳ್ಳು ವರ್ಷ ಹೊತ್ತ ಕಲ್ಲಿನ ಕೆಳಗೆ ಅಮ್ಮನ್ನ ಮಲಗ್ಸೋಕಾಗಲ್ಲ."

ಪಂತೇಲಿ ತಲೆಯಾಡಿಸಿದ. ವೇತಾ ಹೇಳಿದ ಮೇಲೆ ಮುಗಿಯಿತು. ಮೂವತ್ತು ವರ್ಷ ಊರ ಶಾಲೆಯ ಗಂಟೆ ಹೊಡೆದವಳು ಅವಳು. ಚರ್ಚಿನ ಗಡಿಯಾರ ಕೆಟ್ಟಾಗ ಜನ ಅವಳ ಗಂಟೆಗೆ ಹಾಲು ಕರೆದು, ಅವಳ ಗಂಟೆಗೆ ಮುದ್ದೆ ತಿರುವಿದ್ದುಂಟು. ತಾಯಿ ಎಲ್ಲಕ್ಕೂ ಮುಂಚೆ, ಮಗಳು ಎಲ್ಲಕ್ಕೂ ಸರಿಯಾಗಿ. ಇಬ್ಬರೂ ಒಂದೇ ಮನೆಯಲ್ಲಿ ಹೇಗಿದ್ದರೋ ದೇವರಿಗೇ ಗೊತ್ತು ಎಂದು ಊರು ಹೇಳುತ್ತಿತ್ತು.

ಸಿಮೆಂಟ್ ಕಲಸುತ್ತಾ ಅವನು ಕೇಳಬೇಕಾದದ್ದನ್ನು ಕೇಳಿದ. ಇವತ್ತು ಶುಕ್ರವಾರ. ಭಾನುವಾರ ವೇತಾಳ ಮಗಳು ಇಲಿಂಕಾಳ ಮದುವೆ. ಸೋಮವಾರದಿಂದ ಕ್ರಿಸ್‌ಮಸ್ಸಿನ ಉಪವಾಸ ಶುರು. ಆಮೇಲೆ ಜನವರಿಯವರೆಗೆ ಚರ್ಚಿನಲ್ಲಿ ಮದುವೆಯ ಕಿರೀಟ ಯಾರ ತಲೆಗೂ ಏರುವುದಿಲ್ಲ.

"ಬೀಗ್ರಿಗೆ ಏನು ಹೇಳ್ದೆ?"

"ಇನ್ನೂ ಹೇಳಿಲ್ಲ. ಇವತ್ತು ಊಟ ಆದ್ಮೇಲೆ ಹೇಳ್ತೀನಿ. ಮನೇಲಿ ಕಪ್ಪು ಇರೋವರೆಗೆ ಪಿಟೀಲಿಲ್ಲ. ವರ್ಷ ತುಂಬಲಿ."

"ವರ್ಷಾನಾ?" ಪಂತೇಲಿ ಕರಣೆಯನ್ನು ಕೈಯಲ್ಲೇ ಹಿಡಿದು ನಿಂತ. ಇಲಿಂಕಾ ಎರಡು ವಾರದಿಂದ ಬೆಳಿಗ್ಗೆ ಹೊತ್ತು ಹಿತ್ತಲಿಗೆ ಓಡುವುದನ್ನು ಬೇಲಿಯಾಚೆಯ ಅವನ ಹೆಂಡತಿ ನೋಡಿದ್ದಳು. ಅವನ ಹೆಂಡತಿ ನೋಡಿದ್ದನ್ನು ಊರು ನೋಡಿದಂತೆ. "ವರ್ಷ ಅಂದ್ರೆ ಅಷ್ಟರಲ್ಲಿ..."

"ಗೊತ್ತು ನನಗೆ," ಎಂದು ವೇತಾ ಸ್ಮಶಾನದ ಗೇಟಿನ ಕಡೆ ನಡೆದಳು.

*

ಮನೆಯಲ್ಲಿ ಎರಡು ಊಟಗಳು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ನೆಲಮಾಳಿಗೆಯಲ್ಲಿ ಮದುವೆಗೆಂದು ಕೊಯ್ದ ಎರಡು ಹಂದಿಗಳ ಮಾಂಸ ತಣ್ಣಗೆ ತೂಗಾಡುತ್ತಿತ್ತು. ಮೇಲೆ, ಶುಕ್ರವಾರವಾದ್ದರಿಂದ ಮಾಂಸ ಮುಟ್ಟದೆ, ಸಾವಿನ ಊಟದ ಹುರುಳಿ ಬೇಯುತ್ತಿತ್ತು, ಮೀನು ಹುರಿಯುತ್ತಿತ್ತು. ದೋಮ್ನಿಕಾ ಬಿಡಿಸಿಟ್ಟಿದ್ದ ಕೋಸಿನ ಎಲೆಗಳಲ್ಲಿ ಹೆಂಗಸರು ಮಾಂಸದ ಬದಲು ಅನ್ನ, ಅಣಬೆ ಇಟ್ಟು ಸುರುಳಿ ಸುತ್ತುತ್ತಿದ್ದರು. ಮದುವೆ ಬ್ರೆಡ್ಡಿನ ಹಿಟ್ಟು, ಹೋದವಳ ಹೆಸರಿನಲ್ಲಿ ಹಂಚುವ ಪುಟ್ಟ ಬ್ರೆಡ್ಡುಗಳಾಗಿ ಒಲೆ ಸೇರಿತ್ತು.

ಇಲಿಂಕಾ ಒಂದು ಮೂಲೆಯಲ್ಲಿ ನಿಂತು, ಸಾವಿನ ಊಟದ ಕೊನೆಗೆ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟಿನ ಪುಡಿ ಬೆರೆಸುತ್ತಿದ್ದಳು. ಕೂತುಕೋ ಎಂದವರಿಗೆಲ್ಲ ಪರವಾಗಿಲ್ಲ ಎನ್ನುತ್ತಿದ್ದಳು. ಬುಧವಾರದಿಂದ ಅವಳು ಅಮ್ಮನನ್ನು ಏನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ಹೆಂಗಸರು ಅವಳಿಗೆ ಕೇಳಿಸದಂತೆ ಎಂದುಕೊಂಡು ಎಲ್ಲರಿಗೂ ಕೇಳಿಸುವಂತೆ ಮಾತಾಡುತ್ತಿದ್ದರು. ಹೊತ್ತು ತಪ್ಪಿ ಬಂದದ್ದಕ್ಕೆಲ್ಲ ಪ್ರುನೇಷ್ಟಿಯಲ್ಲಿ ಒಂದೊಂದು ಹೆಸರಿದೆ. ಹಿಮ ಕರಗುವ ಮೊದಲೇ ಹುಟ್ಟಿದ ಕುರಿಮರಿ ತೋಳನ ಪಾಲು. ಹುಲ್ಲು ಕೊಯ್ದು ಹರವಿದ ದಿನವೇ ಸುರಿಯುವ ಮಳೆ ಅತ್ತೆ ಮಳೆ. ಮನೆ ಗುಡಿಸುವ ಮೊದಲೇ ಬಾಗಿಲಲ್ಲಿ ನಿಂತವನು ಪೊರಕೆ ನೆಂಟ. ಮದುವೆಗೆ ಮುಂಚೆ ಹುಟ್ಟಿದ ಮಗು ಹೂವಿನ ಕೂಸು. ಎಷ್ಟು ಚೆಂದದ ಮಾತು, ಎಷ್ಟು ಆಳಕ್ಕೆ ಚುಚ್ಚುತ್ತದೆ.

"ಮದುವೆಗೆ ನಾಲ್ಕು ದಿನ ಇದ್ದಾಗ ಸತ್ತರೆ ಅದಕ್ಕೇನಂತಾರೆ?" ಎಂದು ಮೀನು ಹುರಿಯುತ್ತಿದ್ದವಳು ಕೇಳಿದಳು.

ಯಾರಿಗೂ ಹೆಸರು ಹೊಳೆಯಲಿಲ್ಲ. ಒಬ್ಬಳು, ಪ್ರಾರ್ಥನೆ ನಡುವೆ ಕರಡಿ ನುಗ್ಗಿದ ಹಾಗೆ ಎಂದಳು. ಇನ್ನೊಬ್ಬಳು, ಜೀವಮಾನವೆಲ್ಲ ಮುಂಚೆ ಮುಂಚೆ ಓಡಿದವಳು ಇದೊಂದಕ್ಕೆ ಸ್ವಲ್ಪ ತಡಮಾಡಬಾರದಿತ್ತೇ ಎಂದಳು. ಅಲ್ಲಿಂದ ಮಾತು ನಗೆಯ ಕಡೆ ಹೊರಳಿತು, ಏಕೆಂದರೆ ದೋಮ್ನಿಕಾಳ ವಿಷಯ ಎತ್ತಿದರೆ ನಗದೆ ಇರುವುದು ಕಷ್ಟ. ಹಣ್ಣಾಗುವ ಮೊದಲೇ ಪ್ಲಮ್ ಕಿತ್ತು ಜಾಮು ಕಾಯಿಸಿ, ಊರಿನ ಮಕ್ಕಳ ಹಲ್ಲೆಲ್ಲ ಹುಳಿ ಮಾಡಿದ್ದಳು. ಸಂತೆಗೆ ಹೋಗುವ ರೈಲಿಗೆ, ಸ್ಟೇಷನ್ನಿನ ಬೀಗ ತೆಗೆಯುವವನು ಹಾಸಿಗೆ ಬಿಡುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮದುವೆಗಳಲ್ಲಿ ಮದುಮಗಳು ತಲೆ ಬಾಚುವ ಮೊದಲೇ ಉಡುಗೊರೆ ಹಿಡಿದು ಹಾಜರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ಎಲ್ಲ ಕಡೆ ಇರುತ್ತಾರೆ. ದೋಮ್ನಿಕಾ ಮದುವೆಗೆ ಮುಂಚೆ ಕುಲಾವಿ ಹೊಲಿದು ಕೊಡುತ್ತಿದ್ದಳು. ಇಲಿಂಕಾಳ ಪೆಟ್ಟಿಗೆಯ ತಳದಲ್ಲೂ ಎರಡಿದ್ದವು.

"ಅದೊಂದು ಮಾತ್ರ ಸರಿಯಾದ ಹೊತ್ತಿಗೇ ಹೊಲಿದಿದ್ದಾಳೆ," ಎಂದು ಬಾಗಿಲ ಬಳಿಯವಳು ಪಿಸುಗುಟ್ಟಿದಳು. ಅಷ್ಟರಲ್ಲಿ ವರನ ತಾಯಿ ಆಗ್ಲಾಯಾ, ತೋಳಿನಲ್ಲಿ ಸೇವಂತಿಗೆಯ ಹೊರೆ ಹೊತ್ತು ಒಳಗೆ ಬಂದಳು. ಮಾತು ನಿಂತಿತು.

ಆಗ್ಲಾಯಾ ಒರಟಿಯಲ್ಲ, ಆದರೆ ಊರ ಬಾಯಿಗೆ ಹೆದರುವವಳು. ಮಗ ರೆಮುಸ್‌ ಎಂದರೆ ಅವಳಿಗೆ ಪ್ರಾಣ, ಇಲಿಂಕಾ ಎಂದರೂ ಇಷ್ಟ. ಹೂ ಇಳಿಸಿ, ಹುಡುಗಿಯ ಕೈಯಿಂದ ಸೌಟು ತೆಗೆದುಕೊಂಡು, ತಾನೇ ಗೋಧಿ ತಿರುವತೊಡಗಿದಳು.

"ನಿಮ್ಮಮ್ಮ ಏನಂದ್ಲು?" ಎಂದು ಮೆಲ್ಲಗೆ ಕೇಳಿದಳು.

"ಏನೂ ಅಂದಿಲ್ಲ ಅತ್ತೆ."

"ನಾನಾಗಿ ಹೇಗೆ ಕೇಳ್ಲಿ? ಸಾವು ನಿಮ್ಮನೇದು. ಅವಳು ಬೇಡ ಅಂದ್ರೆ ಬೇಡ. ಪಂಚಾಯ್ತಿ ಕಚೇರೀಲಿ ನಾಳೆ ಸಹಿ ಹಾಕಿ ಬನ್ನಿ ಬೇಕಾದ್ರೆ."

ಸಹಿ ಹಾಕಿದರೆ ಸಹಿಯಾಯಿತು, ಮದುವೆಯಾಗುವುದಿಲ್ಲ. ಕಿರೀಟವಿಲ್ಲದೆ ಹುಟ್ಟಿದ ಮಗುವನ್ನು ಪ್ರುನೇಷ್ಟಿ ಯಾವ ಹೆಸರಿನಿಂದ ಕರೆಯುತ್ತದೆಂದು ಅಡಿಗೆಮನೆಯಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಆ ಹೆಸರನ್ನು ಐವತ್ತೊಂಬತ್ತು ವರ್ಷ ಹೊತ್ತವಳು ಈ ಮನೆಯಲ್ಲೇ ಇದ್ದಳು. ವೇತಾ ಸ್ವತಃ ಹೂವಿನ ಕೂಸು.

*

ಹನ್ನೊಂದು ವರ್ಷದ ಹಿಂದೆ ದೋಮ್ನಿಕಾಳಿಗೆ ನ್ಯುಮೋನಿಯ ಆಗಿತ್ತು. ಡಾಕ್ಟರು ಕೈ ಚೆಲ್ಲಲಿಲ್ಲ, ಆದರೆ ದೋಮ್ನಿಕಾ ಚೆಲ್ಲಿದಳು. ಹಾಸಿಗೆಯಿಂದ ಎದ್ದ ಮೊದಲ ಭಾನುವಾರವೇ ತನ್ನ ತಿಥಿ ಊಟ ತಾನೇ ಮಾಡಿಬಿಡುತ್ತೇನೆ ಎಂದು ಹಟ ಹಿಡಿದಳು. ಆ ಕಡೆ ಹೀಗೆ ಮಾಡುವವರುಂಟು. ಮಕ್ಕಳಿಲ್ಲದವರು, ಮಕ್ಕಳ ಮೇಲೆ ನಂಬಿಕೆಯಿಲ್ಲದವರು ಬದುಕಿರುವಾಗಲೇ ಮೇಜು ಹಾಕಿಸಿ, ಊರನ್ನು ಕರೆದು, ಆಚೆ ಲೋಕದಲ್ಲಿ ತಮಗೆ ಬೇಕಾಗುವ ಬಟ್ಟಲು, ಟವಲು, ಮೇಣದ ಬತ್ತಿಗಳನ್ನು ಹಂಚಿಬಿಡುತ್ತಾರೆ. ದೋಮ್ನಿಕಾಳಿಗೆ ಮಗಳಿದ್ದಳು, ಮಗಳ ಮೇಲೆ ನಂಬಿಕೆಯೂ ಇತ್ತು. ಇಲ್ಲದ್ದು ತಾಳ್ಮೆ.

"ಒಂಬತ್ತನೇ ದಿನದ್ದು, ನಲವತ್ತನೇ ದಿನದ್ದು, ವರ್ಷದ್ದು, ಎಲ್ಲ ಒಟ್ಟಿಗೆ ಮುಗಿಸ್ತೀನಿ," ಎಂದಳು. "ನಾನು ಸತ್ತಾಗ ಮಳೆಗಾಲ ಆದ್ರೆ? ಕೊಯ್ಲಿನ ಹೊತ್ತಾದ್ರೆ? ನಿನಗ್ಯಾಕೆ ಕಷ್ಟ?"

"ಜನ ನಗ್ತಾರಮ್ಮ," ಎಂದಿದ್ದಳು ವೇತಾ.

"ತಿಂದ್ಮೇಲೆ ನಗಲಿ."

ಜನ ಬಂದರು. ಮೇಜಿನ ತಲೆಯಲ್ಲಿ, ಸತ್ತವರ ಹೆಸರಿನ ಖಾಲಿ ಕುರ್ಚಿ ಇಡುವ ಜಾಗದಲ್ಲಿ, ದೋಮ್ನಿಕಾ ಹೊಸ ಕುಪ್ಪಸ ತೊಟ್ಟು ಕೂತಿದ್ದಳು. ಪ್ರತಿಯೊಬ್ಬರೂ ನಿಯಮದಂತೆ ಎರಡು ಹನಿ ವೈನನ್ನು ನೆಲಕ್ಕೆ ಚೆಲ್ಲಿ, ದೇವರು ದೋಮ್ನಿಕಾಳನ್ನು ಮನ್ನಿಸಲಿ ಎಂದರು. ದೋಮ್ನಿಕಾ ಪ್ರತಿಯೊಬ್ಬರಿಗೂ ಆಮೆನ್ ಎಂದಳು. ಪಾದ್ರಿ ಸೆವರಿನ್ ಆಗಿನ್ನೂ ಊರಿಗೆ ಹೊಸಬ. ಸತ್ತವಳ ಹೆಸರನ್ನು ಹಾಡುವಾಗ ಸತ್ತವಳೇ ದನಿಗೂಡಿಸಿದ್ದರಿಂದ ಅವನ ರಾಗ ತಪ್ಪಿತು. ಊಟದ ನಡುವೆ ಅವಳು ಎದ್ದು, ಸಾರಿಗೆ ಉಪ್ಪು ಜಾಸ್ತಿಯಾಗಿದೆ, ನನ್ನ ನಿಜವಾದ ಸಾವಿಗೆ ಈ ಅಡಿಗೆಯವಳನ್ನು ಕರೆಯಬೇಡಿ ಎಂದಳು. ಪಂತೇಲಿ ನಕ್ಕು ನಕ್ಕು ಬೆಂಚಿನಿಂದ ಬಿದ್ದ.

ಆಮೇಲೆ ಅವಳು ಸಾಯಲಿಲ್ಲ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಹುಡುಗರು, ಅಜ್ಜೀ, ನೀನು ಸತ್ತಾಯಿತಲ್ಲ, ಬದುಕಿರುವವರಿಗೆ ದಾರಿ ಬಿಡು ಎನ್ನುತ್ತಿದ್ದರು. ಸತ್ತವರಿಗೆ ಸಾಲಿಲ್ಲ ಕಣೋ ಎಂದು ಅವಳು ನೇರ ಮುಂದಕ್ಕೆ ಹೋಗುತ್ತಿದ್ದಳು. ಇದನ್ನೆಲ್ಲ ಊರು ಆನಂದದಿಂದ ಹೇಳಿಕೊಳ್ಳುತ್ತಿತ್ತು. ವೇತಾ ಮಾತ್ರ ಆ ಕತೆ ಶುರುವಾದೊಡನೆ ಎದ್ದು ಹೋಗುತ್ತಿದ್ದಳು. ತಾಯಿಯ ಆತುರದ ಮೊದಲ ಫಲ ತಾನೇ ಎಂದು ಅವಳು ನಂಬಿದ್ದಳು. ಮದುವೆಯವರೆಗೆ ಕಾಯಲಾರದ ಹುಡುಗಿಯೊಬ್ಬಳು ಹೆತ್ತ ಮಗು. ಅದಕ್ಕೇ ಇರಬೇಕು, ಅವಳ ಕೈಯ ಗಂಟೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಂಚೆ ಹೊಡೆಯಲಿಲ್ಲ.

*

ಹೆಣ ಹೊರಟಾಗ ಬಿಸಿಲಿತ್ತು. ಎತ್ತಿನ ಗಾಡಿ ಪ್ರತಿ ಕವಲಿನಲ್ಲೂ ನಿಂತಿತು. ನಿಂತಲ್ಲೆಲ್ಲ ದಾರಿಗೆ ಅಡ್ಡಲಾಗಿ ಬಿಳಿ ಬಟ್ಟೆಯ ತುಂಡನ್ನು ಹಾಸಿದರು. ಹೋಗುವ ಜೀವಕ್ಕೆ ಅದೇ ಸೇತುವೆ. ದಾಟಿದ ಮೇಲೆ ಆ ಬಟ್ಟೆ ಬಡವರಿಗೆ. ಇಲಿಂಕಾ ಒಂದು ಕೈಯಲ್ಲಿ ಗೋಧಿಯ ತಟ್ಟೆ ಹಿಡಿದು, ಇನ್ನೊಂದು ಕೈಯನ್ನು ಗಾಡಿಯ ಅಂಚಿನ ಮೇಲಿಟ್ಟು ನಡೆದಳು. ತೆರೆದ ಶವಪೆಟ್ಟಿಗೆಯಲ್ಲಿ ದೋಮ್ನಿಕಾ ತುಟಿ ಬಿಗಿಹಿಡಿದು, ಇಷ್ಟು ನಿಧಾನ ಯಾಕೆ ಎನ್ನುವವಳಂತೆ ಮಲಗಿದ್ದಳು.

ಶಿಲುಬೆಯ ಮೇಲೆ ಹಸಿ ಸಿಮೆಂಟಿನ ಸೊನ್ನೆ ಉಳಿದ ಅಂಕೆಗಳಿಗಿಂತ ಕಪ್ಪಾಗಿತ್ತು. ಪಾದ್ರಿ ಸೆವರಿನ್ ವೈನನ್ನೂ ಎಣ್ಣೆಯನ್ನೂ ಶಿಲುಬೆಯಾಕಾರದಲ್ಲಿ ಸುರಿದ. ಜನ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ತೊಳೆದು, ಊಟದ ಕಡೆ ಹೊರಟರು.

ಸಾಫ್ತಾ ಅಜ್ಜಿ ಹೊರಡಲಿಲ್ಲ. ದೋಮ್ನಿಕಾಳ ವಾರಗೆಯವರಲ್ಲಿ ಉಳಿದವಳು ಅವಳೊಬ್ಬಳೇ. ಒಂದು ಕಿವಿ ಕೇಳಿಸುವುದಿಲ್ಲ, ಕೋಲಿಲ್ಲದೆ ನಡೆಯಲಾಗುವುದಿಲ್ಲ, ಬಾಯಿಗೆ ಮಾತ್ರ ವಯಸ್ಸಾಗಿಲ್ಲ. ಪಕ್ಕದ ಗೋರಿಯ ಕಟ್ಟೆಯ ಮೇಲೆ ಕೂತು ವೇತಾಳನ್ನು ಕೋಲಿನಿಂದ ಕರೆದಳು.

"ಪಂತೇಲಿ ಹೇಳ್ದ. ವರ್ಷ ಕಾಯ್ಸ್ತೀಯಂತೆ ಹುಡುಗೀನ."

"ಪದ್ಧತಿ ಚಿಕ್ಕಮ್ಮ. ಅಮ್ಮನ ಹಾಗೆ ನನಗೆ ಅಡ್ಡಾದಿಡ್ಡಿ ಮಾಡೋಕೆ ಬರಲ್ಲ."

"ನಿಮ್ಮಮ್ಮನಿಗೆ ಕಾಯೋಕೆ ಬರಲ್ಲ ಅಂತ ಊರೆಲ್ಲ ಅಂತು. ಒಂದೇ ಒಂದ್ಸಲ ಕಾದಿದ್ಲು. ಅದು ಗೊತ್ತಾ ನಿನಗೆ?"

ವೇತಾಳಿಗೆ ಗೊತ್ತಿರಲಿಲ್ಲ. ಊಟಕ್ಕೆ ಹೊತ್ತಾಯಿತು ಎಂದಳು. ಹುರುಳಿ ಓಡಿ ಹೋಗಲ್ಲ ಎಂದು ಸಾಫ್ತಾ ಅವಳ ಸೆರಗಿನಂತಹ ಶಾಲಿನ ತುದಿ ಹಿಡಿದು ಕೂರಿಸಿದಳು.

*

ಅರವತ್ತು ವರ್ಷದ ಹಿಂದಿನ ಆ ವರ್ಷವೂ ಮದುವೆ ಶರತ್ಕಾಲದ ಕೊನೆಗೇ ಗೊತ್ತಾಗಿತ್ತು. ದೋಮ್ನಿಕಾಳಿಗೆ ಇಪ್ಪತ್ತೊಂದು, ಗ್ರಿಗೊರೆಗೆ ಇಪ್ಪತ್ತಮೂರು. ಬ್ರೆಡ್ಡಿಗೆ ಹಿಟ್ಟು ಬೀಸಿಯಾಗಿತ್ತು, ಪಿಟೀಲಿನವನಿಗೆ ಹೇಳಿಯಾಗಿತ್ತು. ಆಗ ಗ್ರಿಗೊರೆಯ ತಾಯಿ ಬಾವಿಯಿಂದ ನೀರು ಸೇದುತ್ತಿದ್ದವಳು ಹಾಗೇ ಕುಸಿದು ತೀರಿಕೊಂಡಳು. ಗ್ರಿಗೊರೆಯ ಅಪ್ಪ, ವರ್ಷ ತುಂಬುವವರೆಗೆ ಈ ಮನೆಯಲ್ಲಿ ಪಿಟೀಲಿಲ್ಲ ಎಂದ. ಯಾರೂ ಎದುರಾಡಲಿಲ್ಲ.

ಹೆಣ ಮಣ್ಣಾದ ಸಂಜೆ ದೋಮ್ನಿಕಾ, ಸಾಫ್ತಾ ಇಬ್ಬರೂ ಪ್ಲಮ್ ತೋಟದ ಬೇಲಿಗೆ ಒರಗಿ ನಿಂತಿದ್ದರು. ದೋಮ್ನಿಕಾ ತನಗೆ ಎರಡು ತಿಂಗಳಾಗಿದೆ ಎಂದಳು. ಸಾಫ್ತಾ ಅವಳ ಕೈ ಹಿಡಿದೆಳೆದಳು. ಈಗಲೇ ಹೋಗಿ ಮಾವನಿಗೆ ಹೇಳೋಣ, ಹೀಗೆ ಅಂತ ಗೊತ್ತಾದರೆ ಪಾದ್ರಿಯೂ ಒಪ್ಪುತ್ತಾನೆ, ಪಿಟೀಲಿಲ್ಲದೆ ಕಿರೀಟ ಇಟ್ಟುಬಿಡುತ್ತಾರೆ ಎಂದಳು.

"ಹೇಳಿದ್ರೆ ಊರು ಏನನ್ನುತ್ತೆ?" ಎಂದಳು ದೋಮ್ನಿಕಾ. "ಆ ಮುದುಕಿ ಹೊತ್ತು ನೋಡಿ ಸಾಯ್ಲಿಲ್ಲ ಅನ್ನುತ್ತೆ. ಪಾಪ, ಮೊನ್ನೆ ತಾನೆ ನನ್ನ ಕುಪ್ಪಸದ ತೋಳಿಗೆ ಕಸೂತಿ ಹಾಕ್ತಾ ಕೂತಿದ್ಲು. ಸತ್ತವಳ ಮೇಲೆ ಮಾತು ಬೇಡ ಸಾಫ್ತಾ. ಒಂದು ವರ್ಷ ತಾನೆ. ಕಾಯ್ತೀನಿ."

ಕಾದಳು. ಹುಲ್ಲು ಕೊಯ್ಲಿನ ಹೊತ್ತಿಗೆ ಮಗಳು ಹುಟ್ಟಿದಳು. ದೀಕ್ಷಾಸ್ನಾನದಲ್ಲಿ ಆಗಿನ ಮುದಿ ಪಾದ್ರಿ, ತಂದೆಯ ಹೆಸರು ಹೇಳಬೇಕಾದಲ್ಲಿ ತಲೆ ಎತ್ತಿ ನೋಡಿ, ಮುಂದಿನ ಸಾಲಿಗೆ ಹೋದ. ಬಾವಿಕಟ್ಟೆಯಲ್ಲಿ ಹೆಂಗಸರು ಮಗುವಿನ ಗಲ್ಲ ಹಿಡಿದು, ಎಷ್ಟು ಚೆಂದದ ಹೂವಿನ ಕೂಸು ಎಂದರು. ಮುಂದಿನ ಶರತ್ಕಾಲದಲ್ಲಿ ಮದುವೆಯಾಯಿತು. ಚರ್ಚಿನ ಹಿಂದಿನ ಸಾಲಿನಲ್ಲಿ ಸಾಫ್ತಾಳ ತೊಡೆಯ ಮೇಲೆ ಮಗು ಒಂದೇ ಸಮನೆ ಅತ್ತಿತು. ಪ್ರತಿ ಅಳುವಿಗೂ ಜನ ತಿರುಗಿ ತಿರುಗಿ ನೋಡಿದರು. ಕಿರೀಟ ಹೊತ್ತ ದೋಮ್ನಿಕಾ ಮಾತ್ರ ತಿರುಗಲಿಲ್ಲ. ಅವಳ ಕುಪ್ಪಸದ ಎದೆ ಹಾಲಿನಿಂದ ಒದ್ದೆಯಾಗಿತ್ತು.

ಅದರ ಮುಂದಿನ ವರ್ಷ ಊರಿನಲ್ಲಿ ಮೊಟ್ಟಮೊದಲು, ಇನ್ನೂ ಹಸಿರಿದ್ದ ಪ್ಲಮ್ಮಿಗೆ ಕೈ ಹಾಕಿದವಳು ಅವಳು.

*

ಸ್ಮಶಾನದಲ್ಲಿ ಯಾರೂ ಉಳಿದಿರಲಿಲ್ಲ. ಗುಡ್ಡೆ ಹಾಕಿದ ಹೊಸ ಮಣ್ಣಿನ ಮೇಲೆ ಮೇಣದ ಬತ್ತಿಗಳು ಗಾಳಿಗೆ ಓಲಾಡುತ್ತಿದ್ದವು. ವೇತಾ ಎದ್ದು, ಆರಿದ್ದ ಒಂದು ಬತ್ತಿಯನ್ನು ಪಕ್ಕದ್ದರಿಂದ ಹಚ್ಚಿ ಮತ್ತೆ ಬಂದು ಕೂತಳು.

"ಯಾಕೆ ಇಷ್ಟು ದಿನ ಹೇಳ್ಲಿಲ್ಲ ಚಿಕ್ಕಮ್ಮ?"

"ಹೇಳ್ಬೇಡ ಅಂದಿದ್ಲು. ಅಜ್ಜಿ ಮೇಲೆ ನಿನಗೆ ಕೋಪ ಬರುತ್ತೆ ಅಂತ. ತನ್ನ ಮೇಲೆ ಬಂದ್ರೆ ಬರಲಿ, ಹೇಗೂ ದಿನಾ ಜಗಳ ಆಡ್ತೀವಿ ಅಂದ್ಲು." ಸಾಫ್ತಾ ಕೋಲೂರಿ ಎದ್ದಳು. ಎದ್ದು ನಿಂತ ಮೇಲೆ ಹೇಳಿದಳು: "ನೀನು ಬೇಗ ಬಂದವಳಲ್ಲ ವೇತಾ. ಮದುವೆ ತಡವಾಗಿ ಬಂತು, ಅಷ್ಟೇ."

ಇಬ್ಬರೂ ಇಳಿಜಾರಿನಲ್ಲಿ ಒಬ್ಬರ ತೋಳನ್ನೊಬ್ಬರು ಹಿಡಿದು ಇಳಿದರು. ಜೀವನದಲ್ಲಿ ಮೊದಲ ಸಲ ವೇತಾ ಒಂದು ಊಟಕ್ಕೆ ತಡವಾಗಿ ಹೋದಳು, ಅದೂ ತನ್ನ ಮನೆಯ ಊಟಕ್ಕೆ.

*

ಅಂಗಳದ ಉದ್ದಕ್ಕೂ ಮೇಜುಗಳನ್ನು ಜೋಡಿಸಿದ್ದರು. ಮೇಜು ಒಬ್ಬರ ಮನೆಯದು, ಬೆಂಚು ಇನ್ನೊಬ್ಬರದು. ಸಾವಾಗಲಿ ಮದುವೆಯಾಗಲಿ ಪ್ರುನೇಷ್ಟಿಯಲ್ಲಿ ಹಾಗೇ. ಊಟ ಮುಗಿದ ಮೇಲೆ ಅವರವರದನ್ನು ಅವರವರು ಹೊತ್ತುಕೊಂಡು ಹೋಗುವುದು. ವೇತಾಳ ಗಂಡ ಸಿಮಿಯೋನ್ ಹೂಜಿ ಹಿಡಿದು ಮಾತಿಲ್ಲದೆ ವೈನ್ ಸುರಿಯುತ್ತಾ ಓಡಾಡಿದ. ಜನ ಎರಡು ಹನಿ ಚೆಲ್ಲಿ, ದೇವರು ಮನ್ನಿಸಲಿ ಎಂದರು. ಈ ಸಲ ಆಮೆನ್ ಎನ್ನುವವರಿಲ್ಲದೆ ಒಂದು ಕ್ಷಣ ಎಲ್ಲರೂ ಕಾದರು, ಆಮೇಲೆ ಯಾರೋ ಕೆಮ್ಮಿದರು.

ಸಾರಿಗೆ ಉಪ್ಪು ಸರಿಯಾಗಿತ್ತು. ಪಂತೇಲಿ ಅದನ್ನೇ ನೆಪ ಮಾಡಿ ಹಳೆಯ ತಿಥಿಯ ಕತೆ ತೆಗೆದ. ಅಂಗಳ ನಗತೊಡಗಿತು. ಈ ಸಲ ವೇತಾ ಎದ್ದು ಹೋಗಲಿಲ್ಲ. ರೊಟ್ಟಿ ಮುರಿಯುತ್ತಾ, ಕತೆಯ ಕೊನೆಯವರೆಗೆ ಕೇಳಿದಳು. ಬೆಂಚಿನಿಂದ ಬಿದ್ದ ಭಾಗಕ್ಕೆ ಬಂದಾಗ ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು ಎಂದು ಎದುರು ಕೂತವರು ಆಮೇಲೆ ಹೇಳಿದರು.

ಊಟ ಮುಗಿದು, ಗೋಧಿ ಹಂಚಿಯಾಯಿತು. ಮೊದಲ ಮೇಜುಗಳವರು ಎದ್ದು ತಮ್ಮ ಬೆಂಚುಗಳ ಕಡೆ ನೋಡತೊಡಗಿದರು. ಈಗ ಮನೆಯವರು ಎದ್ದು ನಿಂತು, ಬಂದವರಿಗೆ ಕೈ ಮುಗಿದು, ಮುಂದಿನ ಊಟ ಯಾವಾಗ ಎಂದು ಹೇಳಬೇಕು. ಒಂಬತ್ತನೆಯ ದಿನದ್ದನ್ನು ಕರೆಯದೆ ಸಾವಿನ ಮನೆಯಿಂದ ಯಾರೂ ಹೊರಡುವುದಿಲ್ಲ. ವೇತಾ ಎದ್ದಳು. ಬಾಗಿಲ ಬಳಿ ತಟ್ಟೆಗಳ ರಾಶಿ ಹಿಡಿದಿದ್ದ ಇಲಿಂಕಾ ಹಾಗೇ ನಿಂತಳು. ಈ ಮಾತು ಮುಗಿದ ಮೇಲೆ ಅಮ್ಮ ಬೀಗರ ಹತ್ತಿರ ಹೋಗುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

"ನಮ್ಮಮ್ಮನನ್ನ ಕಳಿಸೋಕೆ ಬಂದ್ರಿ, ಎಲ್ರಿಗೂ ದೇವರು ಒಳ್ಳೇದು ಮಾಡಲಿ," ಎಂದಳು ವೇತಾ. "ಭಾನುವಾರ ಮತ್ತೆ ಎಲ್ರೂ ಬನ್ನಿ."

ಜನ ಮುಖ ಮುಖ ನೋಡಿಕೊಂಡರು. ಒಂಬತ್ತನೆಯ ದಿನ ಭಾನುವಾರಕ್ಕೆ ಬೀಳುವುದಿಲ್ಲ. ವೇತಾ ದಿನ ತಪ್ಪುವವಳೂ ಅಲ್ಲ.

"ಭಾನುವಾರ ಯಾವ ಊಟ ಬೀಗ್ತಿ?" ಎಂದು ಆಗ್ಲಾಯಾ ಕೇಳಿದಳು.

"ಮದುವೆ ಊಟ."

ತಟ್ಟೆಗಳು ಒಂದಕ್ಕೊಂದು ತಾಗಿದ ಸದ್ದು ಬಾಗಿಲ ಕಡೆಯಿಂದ ಬಂತು. ಪಾದ್ರಿ ಸೆವರಿನ್ ಗಡ್ಡ ನೀವಿಕೊಂಡು, ಚರ್ಚಿನ ಕಡೆಯಿಂದ ಅಡ್ಡಿಯೇನೂ ಇಲ್ಲ, ಭಾನುವಾರದವರೆಗೆ ಬಾಗಿಲು ತೆರೆದಿದೆ, ಕಪ್ಪು ಬಟ್ಟೆಯ ಲೆಕ್ಕ ಊರಿನದು, ನನ್ನದಲ್ಲ ಎಂದ.

"ಊರು ಏನನ್ನುತ್ತೆ ವೇತಾ?" ಎಂದಳು ಆಗ್ಲಾಯಾ.

"ಊರು ಇಲ್ಲೇ ಕೂತಿದೆ. ಕೇಳು."

ಕಾಲದಿಂದಲೂ ಬೇರೆಯವರ ಹೊತ್ತಿಗೆ ಹೆಸರಿಡುತ್ತಾ ಬಂದಿದ್ದ ಊರಿಗೆ, ಎದುರಿಗೇ ನಿಂತು ಕೇಳಿದಾಗ ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ಕೊನೆಗೆ ಮೇಜಿನ ತುದಿಯಿಂದ ಸಾಫ್ತಾ, ಕಿವುಡರ ದೊಡ್ಡ ದನಿಯಲ್ಲಿ ಹೇಳಿದಳು:

"ದೋಮ್ನಿಕಾಳ ವರ್ಷದ ಊಟ ನಾನು ಹನ್ನೊಂದು ವರ್ಷದ ಹಿಂದೇನೇ ಉಂಡಿದೀನಿ. ಅವಳು ಹಂಚಿದ ಬಟ್ಟಲು ಇನ್ನೂ ಮನೇಲಿದೆ. ನಿನ್ನ ಹತ್ರಾನೂ ಇದೆ ಆಗ್ಲಾಯಾ."

"ಇದೆ," ಎಂದಳು ಆಗ್ಲಾಯಾ. "ಅದರಲ್ಲೇ ದಿನಾ ಮೊಸರು ಹಾಕ್ತೀನಿ." ಕಣ್ಣೊರೆಸಿಕೊಂಡು ಸುತ್ತ ನೋಡಿದಳು. "ಪಿಟೀಲು?"

"ಬರಲಿ. ನಾನು ಕಪ್ಪಲ್ಲೇ ಇರ್ತೀನಿ, ಕುಣಿಯಲ್ಲ. ಕುಣಿಯೋರು ಕುಣೀಲಿ."

"ಹಾಗಾದ್ರೆ ಕೋಸಿನ ಎಲೆ ಮತ್ತೆ ಬಿಡಿಸ್ಬೇಕು. ಮಾಂಸ ಕೊಚ್ಚೋದು ಬೇರೆ ಇದೆ. ನಾಳೆ ಬೆಳಿಗ್ಗೆ ಎದ್ದೋಳೇ ಬಂದ್ಬಿಡ್ತೀನಿ."

"ಬೆಳಿಗ್ಗೆ ಯಾಕೆ ಬೀಗ್ತಿ," ಎಂದಳು ವೇತಾ, "ಈಗ್ಲೇ ತೋಳು ಮಡಚು."

ಅಷ್ಟು ಹೊತ್ತಿಗೆ ಪಂತೇಲಿ ತನ್ನ ಬೆಂಚನ್ನು ಹೆಗಲಿಗೇರಿಸಿ ಗೇಟಿನವರೆಗೆ ಹೋಗಿದ್ದ. ಅಲ್ಲೇ ನಿಂತು ಹೆಗಲ ಮೇಲಿನ ಬೆಂಚನ್ನೊಮ್ಮೆ, ಅಂಗಳವನ್ನೊಮ್ಮೆ ನೋಡಿದ. ಆಮೇಲೆ ತಿರುಗಿ ಬಂದು ಅದನ್ನು ಅಕ್ರೋಟಿನ ಮರದ ಕೆಳಗೆ, ಮೊದಲಿದ್ದ ಜಾಗದಲ್ಲೇ ಇಳಿಸಿದ. ಅವನ ಹಿಂದೆ ಸಾಲಾಗಿ ಹೊರಟಿದ್ದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಬೆಂಚುಗಳನ್ನು ಕೆಳಗಿಟ್ಟು, ಬರಿಗೈ ಬೀಸಿಕೊಂಡು ಮನೆಗೆ ಹೋದರು. ಬೆಳಿಗ್ಗೆಯಿಂದ ನಿಂತೇ ಇದ್ದ ಇಲಿಂಕಾ ತಟ್ಟೆಗಳನ್ನು ಇಳಿಸಿ ಬಂದು, ಪಂತೇಲಿಯ ಬೆಂಚಿನ ತುದಿಯಲ್ಲಿ ಕೂತಳು. ಒಂದು ಕಾಲು ಗಿಡ್ಡವಾಗಿದ್ದ ಆ ಬೆಂಚು ಅವಳ ಭಾರಕ್ಕೆ ಸ್ವಲ್ಪ ಅಲುಗಿ, ನಿಂತಿತು.